ಪೂಜೆಗೆ ಇಟ್ಟ ಬಿಲ್ಲು

ಬಿಲ್ಲು ಯಾರಿಗೆ ಬೇಕಾಗಿತ್ತು ಹೇಳಿ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟಿ ಬದುಕುವ ನನಗಂತೂ ಬೇಕಾಗಿರಲಿಲ್ಲ. ಮೂವತ್ತು ವರ್ಷ ಬಾಗಿಲು, ಕಿಟಕಿ, ಮಗ್ಗದ ಚೌಕಟ್ಟು ಮಾಡಿದ ಬಡಗಿ ನನ್ನ ಗಂಡ, ಅವರಿಗೂ ಬೇಕಾಗಿರಲಿಲ್ಲ. ನಮ್ಮ ಬೀದಿಯಲ್ಲಿ ಬಾಣ ಬಿಟ್ಟು ಹೊಡೆಯುವಂಥದ್ದು ನಾಲ್ಕು ಕೋತಿ ಬಿಟ್ಟರೆ ಏನೂ ಇಲ್ಲ. ಆದರೂ ಆ ಬಿಲ್ಲಿನ ವಿಷಯ ನಾನು ಬರೆಯಲೇಬೇಕು, ಯಾಕೆಂದರೆ ಅದನ್ನು ಹಾಳು ಮಾಡಿದವಳು ನಾನು. ಅದರ ಜೊತೆ ಅವರ ಬಲಗೈಯೂ ಹೋಯಿತು. ಎರಡನೇ ಸಲ.

ಮೊದಲನೇ ಸಲ ಹೋದದ್ದು ಲಕ್ವ ಹೊಡೆದಾಗ. ಯಾರದೋ ಹೊಸ ಮನೆಗೆ ಬಾಗಿಲು ಕೂರಿಸುತ್ತಿದ್ದವರು ಹಾಗೇ ಕುಸಿದರಂತೆ. ಬಾಯಿ ಸೊಟ್ಟಗಾಗಿತ್ತು, ಬಲಗೈ ಬಲಗಾಲು ಬಿದ್ದುಹೋಗಿದ್ದವು. ಬಾಯಿ ಸರಿಹೋಯಿತು. ಮೂರು ನಾಲ್ಕು ತಿಂಗಳಲ್ಲಿ ಕಾಲೂ ಬಂತು, ಎಳೆದುಕೊಂಡಾದರೂ ಬಚ್ಚಲಿಗೆ ಹೋಗಿ ಬರುವಷ್ಟು. ಕೈ ಮಾತ್ರ ಬರಲಿಲ್ಲ. ಬೆರಳುಗಳು ಅಂಗೈಯೊಳಗೆ ಮಡಚಿಕೊಂಡು ಕೂತವು, ಬಿಡಿಸಿದರೆ ಮತ್ತೆ ಮಡಚಿಕೊಳ್ಳುತ್ತಿದ್ದವು. ಕಾಮಗೆರೆಯ ಆಸ್ಪತ್ರೆಗೆ ವಾರಕ್ಕೊಮ್ಮೆ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ವ್ಯಾಯಾಮ ಮಾಡಿಸುವ ಹೆಣ್ಣುಮಗಳು ಒಳ್ಳೆಯವಳು. "ಈ ಕೈಗೆ ಏನಾದ್ರೂ ಕೆಲ್ಸ ಕೊಡಿ ಅಮ್ಮ. ಕೆಲ್ಸ ಇಲ್ದಿದ್ರೆ ಇಂಗೇ ಗಟ್ಟಿಯಾಗ್ಬುಡ್ತದೆ, ಆಮೇಲೆ ನಾವೂ ಏನೂ ಮಾಡಕಾಗಕಿಲ್ಲ" ಎಂದು ಹಿಸುಕುವುದಕ್ಕೆ ಒಂದು ರಬ್ಬರ್ ಚೆಂಡು ಕೊಟ್ಟಳು. ಇವರು ಅದನ್ನು ಮಂಚದ ಕೆಳಗೆ ಉರುಳಿಸಿದರು. "ಚೆಂಡಾಡಕೆ ನಾನೇನ್ ಕೂಸಾ?"

ಆ ಒಂದು ಮಾತು ಬಿಟ್ಟರೆ ಆ ದಿನಗಳಲ್ಲಿ ಅವರು ಆಡಿದ್ದು ಹೂಂ, ಉಹೂಂ ಅಷ್ಟೆ. ನನ್ನ ಗಂಡ ಎಂಥವರು ಅಂತ ಹೇಳಿದರೆ ನಿಮಗೆ ನನ್ನ ಸಂಕಟ ತಿಳಿಯುತ್ತದೆ. ಇನ್ನೊಬ್ಬರ ಮದುವೆಗೆ ಹೋದರೂ ಛತ್ರದ ಬಾಗಿಲು ಚೌಕಟ್ಟಿಗೆ ಕೂತಿಲ್ಲ ಅಂತ ಬೈದುಕೊಂಡು ಊಟ ಮಾಡುವ ಆಸಾಮಿ. ನಾನು ಗೋಡೆಗೆ ಮೊಳೆ ಹೊಡೆದರೆ ಕಿತ್ತು ಮತ್ತೆ ಹೊಡೆಯುವವರು. ಅಂಥವರ ಕಣ್ಣೆದುರು ಅಡುಗೆಮನೆ ಬಾಗಿಲಿನ ತಿರುಗಣಿ ಕಳಚಿ ಎರಡು ತಿಂಗಳು ಜೋತಾಡಿತು, ಒಂದು ಮಾತಾಡಲಿಲ್ಲ. ನನಗೆ ಭಯವಾದದ್ದು ಆಗಲೇ. ಲಕ್ವ ಹೊಡೆದ ದಿನವೂ ಅಷ್ಟು ಭಯವಾಗಿರಲಿಲ್ಲ.

ಹನೂರಿಗೆ ಕೊಟ್ಟಿರುವ ನಮ್ಮ ಮಗಳು ಹೊತ್ತು ಹೋಗಲಿ ಅಂತ ಅಪ್ಪನಿಗೆ ತನ್ನ ಹಳೆಯ ಫೋನ್ ಬಿಟ್ಟುಹೋಗಿದ್ದಳು. ಒಂದು ದಿನ ನಾನು ಕುಚ್ಚು ಕಟ್ಟುತ್ತಾ ಕೂತಿದ್ದೆ. "ಲೇ, ಬಾ ಇಲ್ಲಿ, ನೋಡು" ಅಂದರು. ಆ "ಲೇ" ಕೇಳಿ ಎಷ್ಟು ಕಾಲವಾಗಿತ್ತೋ! ಸೀರೆ ಅಲ್ಲೇ ಬಿಟ್ಟು ಎದ್ದೆ. ಫೋನಿನಲ್ಲಿ ಯಾವುದೋ ಚಳಿ ದೇಶದ ಗಡ್ಡದ ಮನುಷ್ಯ ಮರ ಕೆತ್ತಿ ಬಿಲ್ಲು ಮಾಡುತ್ತಿದ್ದ. ಅದರ ಎರಡು ತೋಳೂ ಹಿಂದಕ್ಕೆ ಬಾಗಿದ್ದವು.

"ಇದೇನ್ರೀ, ಬಿಲ್ಲು ಉಲ್ಟಾ ಬಗ್ಗ್ಯದೆ" ಅಂದೆ.

"ಅದೇ ಕಣೆ ಗುಟ್ಟು. ಮರನ ಹಬೇಲಿ ಬೇಯ್ಸಿ ಮೊದ್ಲೇ ಆ ಕಡೀಕೆ ಬಗ್ಸವ್ನೆ. ದಾರ ಏರ್ಸುವಾಗ ಬಲವಂತ್ವಾಗಿ ಈ ಕಡೀಕೆ ತರ್ಬೇಕು. ಅದ್ಕೆ ಸದಾ ವಾಪಸ್ ಓಗ್ಬೇಕು ಅಂತ್ಲೇ ಆಟ. ಬಾಣ ಬುಟ್ರೆ ಎಂಗ್ ಓಯ್ತದೆ ನೋಡು!" ಅಂದರು. ಆಮೇಲೆ ಅದನ್ನೇ ಮತ್ತೊಮ್ಮೆ ಹಾಕಿ ನೋಡಿ, "ಇದ ನಾನೂ ಮಾಡ್ಬೋದು" ಅಂದರು.

"ಮಾಡಿ, ಯಾರ್ ಮ್ಯಾಲೆ ದಂಡೆತ್ತಿ ಓಯ್ತೀರಾ?"

"ನಿನ್ ಮ್ಯಾಲೇ."

ಅಡುಗೆಮನೆಗೆ ಹೋಗಿ ಮಿಕ್ಸಿ ಹಾಕಿ, ಆ ಸದ್ದಿನಲ್ಲಿ ಅತ್ತೆ. ಖಾಲಿ ಮಿಕ್ಸಿ.

ಮರಕ್ಕೆ ನನ್ನ ತವರಿಗೆ ಹೇಳಿಕಳಿಸಿದೆ. ಯಳಂದೂರಿನ ಹತ್ತಿರದ ಊರು. ಅಲ್ಲಿ ನಮ್ಮಪ್ಪನ ಎತ್ತಿನಗಾಡಿ ಕಣದ ಅಂಚಿನಲ್ಲಿ ಸುಮ್ಮನೆ ಬಿದ್ದಿತ್ತು. ಎತ್ತುಗಳ ನಡುವೆ ಉದ್ದಕ್ಕೆ ಚಾಚಿರುವ ಮೂಕಿಮರ ದಡಸಲು ಅನ್ನುವ ಜಾತಿಯದು, ಬಗ್ಗುತ್ತದೆಯೇ ಹೊರತು ಸುಲಭಕ್ಕೆ ಮುರಿಯುವುದಿಲ್ಲ. ನನ್ನ ತಮ್ಮ ಅದನ್ನು ಗೂಡ್ಸ್ ಆಟೋದಲ್ಲಿ ತಂದ. ನಮ್ಮ ಹಿತ್ತಿಲಲ್ಲಿ ಬೆಣೆ ಹೊಡೆದು ಸೀಳಿದ್ದೂ ಅವನೇ. ಇವರು ಕುರ್ಚಿಯಲ್ಲಿ ಕೂತು, "ಎಳೆ ಹಿಡ್ದು ಸೀಳ್ಲಾ, ಸೌದೆ ಒಡ್ದಂಗ್ ಒಡೀಬ್ಯಾಡ" ಅಂತ ಕೂಗುತ್ತಿದ್ದರು. ಮೂರು ಒಳ್ಳೆಯ ಸೀಳು ಸಿಕ್ಕವು.

ಮೊದಲನೆಯದು ಮುರಿಯಿತು. ಬಡಗಿಯ ಬುದ್ಧಿ ಎಲ್ಲಿ ಹೋದೀತು? ಎಡಗೈಯಲ್ಲಿ ಬಾಚಿ ಹಿಡಿದು ಕೆತ್ತಿ, ಎರಡು ತೋಳಿನ ದಪ್ಪವನ್ನೂ ಅಳೆದೂ ಅಳೆದೂ ಒಂದೇ ಸಮ ಮಾಡಿದ್ದರು. ಬಾಗಿಲಿನ ಚೌಕಟ್ಟಿಗೆ ಅದು ಸರಿ. ಬಿಲ್ಲಿಗೆ ದಪ್ಪ ಸಮ ಇದ್ದರೆ ಸಾಲದು, ಬಗ್ಗುವುದು ಸಮ ಇರಬೇಕು. ಒಂದೇ ಮರದಲ್ಲಿ ಒಂದು ಕಡೆ ಗಟ್ಟಿ, ಒಂದು ಕಡೆ ಮೆದು. ಬಗ್ಗಿಸಿ ನೋಡಲು ಅದಕ್ಕೆ ಕಟ್ಟಿದ ಹಗ್ಗವನ್ನು ನಾನು ಎಳೆಯುತ್ತಿದ್ದ ಹಾಗೇ ಪಟ್ ಅಂತ ಎರಡು ತುಂಡಾಗಿ ಒಂದು ತುಂಡು ನನ್ನ ಕಿವಿಯ ಪಕ್ಕದಲ್ಲೇ ಹಾರಿಹೋಯಿತು. ಅವರು ಗಾಬರಿಯಾಗಿ ನನ್ನ ನೋಡಿದರು, ನಾನು ಅವರನ್ನು ನೋಡಿದೆ. ಇಬ್ಬರಿಗೂ ನಗು ಬಂತು. ಎಂಥ ನಗು ಅಂತೀರಿ! ಪಕ್ಕದ ಮನೆಯವಳು ಕಾಂಪೌಂಡಿನ ಮೇಲಿಂದ ಇಣುಕಿ ನೋಡಿ ಹೋದಳು.

ಎರಡನೆಯ ಸೀಳೇ ನಾನು ಹೇಳುತ್ತಿರುವ ಬಿಲ್ಲು. ಅದರ ತೋಳುಗಳನ್ನು ಬಚ್ಚಲ ಹಂಡೆಯ ಮೇಲಿಟ್ಟು, ಗೋಣಿತಾಟು ಮುಚ್ಚಿ, ಒಂದೊಂದು ತೋಳಿಗೂ ಮುಕ್ಕಾಲು ಗಂಟೆ ಹಬೆ ಕೊಟ್ಟೆವು. ಮಗ್ಗದ ಹಳೆಯ ದಿಮ್ಮಿಯನ್ನು ಬಾಗಿದ ಆಕಾರಕ್ಕೆ ಕೊಯ್ದು ಇಟ್ಟಿದ್ದರು. ಬಿಸಿ ಆರುವುದರೊಳಗೆ ಮರವನ್ನು ಅದಕ್ಕೆ ಒತ್ತಿ, ಸೈಕಲ್ ಟ್ಯೂಬ್ ಸುತ್ತಿ ಬಿಗಿದೆವು. ವಾರ ಬಿಟ್ಟು ಬಿಚ್ಚಿದಾಗ ತೋಳುಗಳು ಹಿಂದಕ್ಕೆ ಬಾಗಿ ನಿಂತಿದ್ದವು. ಮಳೆಗಾಲ, ಗೋಡೆಯೆಲ್ಲ ತಣ್ಣಗಿತ್ತು. "ಒಳಗಿನ ನೀರು ಆರಕೆ ಇನ್ನೂ ದಿನ ಬೇಕು. ಅಲ್ಲೀಗಂಟ ಉಸಾರಾಗಿ ನೋಡ್ಕಬೇಕು" ಎಂದು ಅವರು ಹೇಳಿದ್ದರು. ಹೇಳಿದ್ದರು. ಹೇಳಲಿಲ್ಲ ಅಂತ ನಾನು ಹೇಳುವ ಹಾಗಿಲ್ಲ.

ಆಮೇಲಿನದೇ ನಿಜವಾದ ಕೆಲಸ, ತೋಳುಗಳನ್ನು ಪಳಗಿಸುವುದು. ಹಜಾರದ ಗೋಡೆಗೆ ಒಂದು ಮರದ ಗೂಟ ಹೊಡೆದು ಬಿಲ್ಲನ್ನು ಅದರ ಮೇಲೆ ಅಡ್ಡ ಕೂರಿಸಿದೆವು. ಹೆದೆಗೆ ಹಗ್ಗ ಕಟ್ಟಿ, ನೆಲದ ಹತ್ತಿರ ಬಾವಿಯ ಹಳೆಯ ರಾಟೆಯೊಳಗಿಂದ ತೂರಿಸಿ, ಹಗ್ಗದ ತುದಿ ನನ್ನ ಕೈಗೆ ಕೊಟ್ಟರು. ಹೆದೆಯೂ ನನ್ನದೇ, ಕುಚ್ಚಿಗೆ ತರುವ ರೇಷ್ಮೆ ನೂಲನ್ನು ಹುರಿ ಮಾಡಿ ಮೇಣ ತಿಕ್ಕಿದ್ದೆ. ನಾನು ಎಳೆಯುವುದು, ಅವರು ಎದುರು ಗೋಡೆಗೆ ಸ್ಟೂಲ್ ಹಾಕಿಕೊಂಡು ಬಿಲ್ಲು ಹೇಗೆ ಬಗ್ಗುತ್ತದೆ ಅಂತ ನೋಡುವುದು. "ಎಳಿ. ಇನ್ನೊಸಿ. ಸಾಕು, ಬುಡು." ಎಲ್ಲಿ ಬಗ್ಗದೆ ಬಿಗಿದುಕೊಂಡಿದೆಯೋ ಅಲ್ಲಿ ಇದ್ದಿಲಿನಿಂದ ಗುರುತು ಹಾಕುವುದು. ಬಿಲ್ಲು ಇಳಿಸಿ, ಒಡೆದ ಗಾಜಿನ ಅಂಚಿನಿಂದ ಅಷ್ಟು ಜಾಗವನ್ನು ಮಾತ್ರ ಕೆರೆಯುವುದು. ಮತ್ತೆ ಗೂಟಕ್ಕೆ ಏರಿಸುವುದು, ಮತ್ತೆ ಎಳೆಯುವುದು. ಕೆರೆದರೆ ಉದುರುವುದು ಹಿಟ್ಟಿನಷ್ಟು ಪುಡಿ. ಜಾಸ್ತಿ ಕೆರೆದರೆ ವಾಪಸ್ ಅಂಟಿಸಲಾಗುವುದಿಲ್ಲವಲ್ಲ.

ಆ ಗಾಜನ್ನು ಅವರು ಬಲಗೈಯಲ್ಲೇ ಹಿಡಿಯುತ್ತೇನೆಂದು ಹಟ ಹಿಡಿದರು. ಮೊದಮೊದಲು ನಾನೇ ಬೆರಳು ಬಿಡಿಸಿ, ಬಟ್ಟೆ ಸುತ್ತಿದ ಗಾಜನ್ನು ಒಳಗಿಟ್ಟು, ಮತ್ತೆ ಮಡಚಬೇಕಾಗಿತ್ತು. ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು ತಳ್ಳುತ್ತಿದ್ದರು. ನಾಲ್ಕು ಸಲ ಕೆರೆಯುವಷ್ಟರಲ್ಲಿ ಬೆವರು ಇಳಿಯುತ್ತಿತ್ತು. ಶ್ರಾವಣ ಕಳೆಯುವ ಹೊತ್ತಿಗೆ ಬೆರಳು ತಾನಾಗಿ ಬಿಚ್ಚತೊಡಗಿತು. ಗೌರಿಹಬ್ಬದ ದಿನ ಎಲೆ ಮುಂದೆ ಕೂತು ಬಲಗೈಯಲ್ಲಿ ಅನ್ನ ಕಲಸಿದರು. ಅರ್ಧ ಎಲೆಗೆ, ಅರ್ಧ ಪಂಚೆಗೆ. ನಾನು ಹೋಳಿಗೆ ಬಡಿಸುವುದು ಬಿಟ್ಟು ನೋಡುತ್ತಾ ನಿಂತಿದ್ದೆ. "ಏನ್ ನೋಡೀಯೆ, ತುಪ್ಪ ಆಕು" ಅಂದರು. ಕಾಮಗೆರೆಯ ಆ ಹೆಣ್ಣುಮಗಳು ಕೈ ತಿರುಗಿಸಿ ತಿರುಗಿಸಿ ನೋಡಿ, "ಏನ್ ಮಾಡಿದ್ರಿ ಸಾ ಇದ್ಕೆ?" ಅಂತ ಕೇಳಿದಳು. ನನ್ನ ಗಂಡ ಗತ್ತಿನಿಂದ, "ಕೆಲ್ಸ" ಅಂದರು.

ಬೈಗುಳವೂ ವಾಪಸ್ ಬಂತು. "ಎತ್ತಾಗ್ ಎಳೀತಿದ್ದಿಯೇ? ನೀರ್ ಸೇದ್ತಾ ಇದ್ದೀಯಾ? ಸಮ ಎಳಿ!" ನಾನೂ ಬಿಡುತ್ತಿರಲಿಲ್ಲ. "ನನ್ ಸೀರೆ ಕೆಲ್ಸ ಬುಟ್ಟು ನಿಮ್ ಅಗ್ಗ ಎಳ್ಯಾಕ್ ಬಂದಿವ್ನಲ್ಲ, ನನ್ ಬುದ್ಧಿಗಿಷ್ಟು." ಮದುವೆಯಾದ ಹೊಸದರಲ್ಲೂ ನಾವು ಇಷ್ಟು ಮಾತಾಡಿರಲಿಲ್ಲ. ಅಡುಗೆಮನೆಯ ತಿರುಗಣಿಯನ್ನು ಯಾರೂ ಹೇಳದೆ ಕೂರಿಸಿದರು. ದೀಪಾವಳಿ ಕಳೆದ ಮೇಲೆ, ಮುಚ್ಚಿದ್ದ ಮರಗೆಲಸದ ಅಂಗಡಿಯ ಬಾಗಿಲು ತೆಗೆಯುತ್ತೇನೆ, ಮೊದಲು ಮಣೆ, ಲಟ್ಟಣಿಗೆ, ಸಣ್ಣಪುಟ್ಟದ್ದು ಮಾಡಿ ಕೈ ಕುದುರಿಸಿಕೊಳ್ಳುತ್ತೇನೆ ಅಂದರು. ಅಷ್ಟರೊಳಗೆ ಬಿಲ್ಲು ಪೂರ್ತಿಯಾಗಬೇಕು, ಪೂರ್ತಿ ಎಳೆದು ಒಂದು ಬಾಣ ಬಿಡಬೇಕು, ಆಮೇಲೆ ಮಿಕ್ಕಿದ್ದು ಅಂತ ಅವರ ಲೆಕ್ಕ. ಇನ್ನು ನಾಲ್ಕು ಬೆರಳಷ್ಟು ಎಳೆತ ಬಾಕಿ ಇತ್ತು.

ಆಗ ಆಯುಧಪೂಜೆ ಬಂತು. ಹಿಂದಿನ ವರ್ಷ ಉಪಕರಣಗಳು ಗೋಣಿಚೀಲದಲ್ಲೇ ತುಕ್ಕು ಹಿಡಿದು ಬಿದ್ದಿದ್ದವು, ಪೂಜೆ ಇರಲಿಲ್ಲ. ಈ ಸಲ ಅವರೇ ಕೂತು ಬಾಚಿ, ಉಳಿ, ಕೀಸುಳಿ, ಗರಗಸ ಎಲ್ಲವನ್ನೂ ಉಜ್ಜಿ ಎಣ್ಣೆ ಸವರಿದರು. ಮಗಳು ಹನೂರಿನಿಂದ ಬೆಳಿಗ್ಗೆಯೇ ಬಂದಿದ್ದಳು. ಮಣೆಯ ಮೇಲೆ ಎಲ್ಲ ಜೋಡಿಸಿ ವಿಭೂತಿ ಕುಂಕುಮ ಇಟ್ಟೆ. ನಡುವೆ ಬಿಲ್ಲು. ಹೆದೆ ಬಿಚ್ಚಿದ ಬಿಲ್ಲು ತೋಳುಗಳನ್ನು ಹಿಂದಕ್ಕೆ ಚೆಲ್ಲಿಕೊಂಡು ಬಿದ್ದಿತ್ತು.

"ದಾರ ಏರ್ಸಿ ಇಡಿ" ಅಂದೆ.

"ಬ್ಯಾಡ ಕಣೆ. ಮರ ಇನ್ನೂ ಪೂರಾ ಆರಿಲ್ಲ. ಇದ್ಕೆ ದಾರ ಏರ್ಸದು ಎಳ್ಯಕೆ ಮಾತ್ರ, ಎಳ್ದಾದ್ ಮ್ಯಾಲೆ ಬಿಚ್ಬುಡ್ಬೇಕು, ಇಲ್ದಿದ್ರೆ ಮರ ಅಂಗೇ ಬಗ್ಗಿ ಕೂತ್ಬುಡ್ತದೆ."

"ಒಂದಿನಕ್ಕೆ ಏನಾದದು? ದೇವ್ರ ಮುಂದೆ ಇಂಗ್ ಇಟ್ರೆ ಚೆಂದಾನಾ?"

"ಚೆಂದ ಕಟ್ಕಂಡೇನು..."

ಆಗ ನಾನು ಆ ಮಾತು ಆಡಿದೆ. "ತಾಳಿ ಇಲ್ದಿರ ಕತ್ತ ನೋಡ್ದಂಗಾಯ್ತದೆ ಕಣ್ರೀ ನಂಗೆ."

ಲಕ್ವ ಹೊಡೆದ ಮೇಲೆ ನಾನು ಪ್ರತಿ ಬೆಳಿಗ್ಗೆ ಎದ್ದ ಕೂಡಲೇ ಮೊದಲು ಅವರ ಎದೆ ಏರಿಳಿಯುತ್ತಿದೆಯಾ ಅಂತ ನೋಡುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು. ಬಿಲ್ಲನ್ನು ಎತ್ತಿಕೊಂಡರು. ಒಂದು ತುದಿಯನ್ನು ಪಾದಕ್ಕೆ ಆನಿಸಿ, ಮಂಡಿ ಒತ್ತಿ, ಬಲಗೈಯಿಂದಲೇ ಹೆದೆಯ ಕುಣಿಕೆಯನ್ನು ಮೇಲಿನ ತುದಿಗೆ ಸರಿಸಿದರು. ಯಾರ ಸಹಾಯವೂ ಇಲ್ಲದೆ ಹೆದೆ ಏರಿಸಿದ್ದು ಅದೇ ಮೊದಲು. ಮಗಳು "ಅಪ್ಪಾ!" ಅಂತ ಕೂಗಿ ಫೋಟೋ ತೆಗೆದಳು. ನಾನು ಬಿಲ್ಲಿಗೆ ಚೆಂಡುಹೂವು ಸಿಕ್ಕಿಸಿದೆ. ದೇವರ ಮುಂದೆ ಇಷ್ಟು ಧೈರ್ಯವಾಗಿ ಕೈಮುಗಿದು ಎಷ್ಟು ದಿನವಾಗಿತ್ತು ಅಂತ ಅಂದುಕೊಂಡೆ.

ಸಂಜೆ ಮಗಳು ಹೊರಟ ಮೇಲೆ ಅವರು ಮಣೆಯ ಹತ್ತಿರ ಬಂದು ನಿಂತರು. "ಈಗ್ ಬಿಚ್ಬುಡ್ಲಾ?"

"ಪೂಜೆ ಕದಲ್ಸೋಗಂಟ ಮುಟ್ಟಂಗಿಲ್ಲ, ಗೊತ್ತಿಲ್ವಾ ನಿಮ್ಗೆ?" ಅಂದೆ. ಪೂಜೆಗಿಟ್ಟ ಉಪಕರಣವನ್ನು ಮಾರನೆಯ ದಿನ ಮತ್ತೊಮ್ಮೆ ಪೂಜೆ ಮಾಡಿ, ಜಾಗದಿಂದ ಒಂಚೂರು ಸರಿಸಿ ಕದಲಿಸುವವರೆಗೆ ನಮ್ಮ ಮನೆಗಳಲ್ಲಿ ಯಾರೂ ಮುಟ್ಟುವುದಿಲ್ಲ. ಅವರ ಅಪ್ಪನೂ ಮುಟ್ಟುತ್ತಿರಲಿಲ್ಲ, ಅವರೂ ಯಾವತ್ತೂ ಮುಟ್ಟಿದವರಲ್ಲ. ಆದರೆ ಮಾರನೆಯ ದಿನ ಮಂಗಳವಾರ. ಮಂಗಳವಾರ ಹೇಗೆ ಕದಲಿಸುವುದು? ಬುಧವಾರ ಬೆಳಿಗ್ಗೆ ಕದಲಿಸೋಣ ಅಂದೆ. ಎಲ್ಲ ಸರಿಹೋಗುತ್ತಿರುವಾಗ ನಾನು ಒಂದು ತಪ್ಪಿಗೂ ಜಾಗ ಕೊಡಬಾರದು ಅಂತ ಹೆದರಿದ್ದೆ. ಆ ಮಂಗಳವಾರವಿಡೀ ಅವರು ಮಣೆಯ ಪಕ್ಕ ಚಾಪೆ ಹಾಕಿಕೊಂಡು ಕೂತಿದ್ದರು. ಒಮ್ಮೆ ಕೈ ಚಾಚಿದ್ದನ್ನು ನೋಡಿದೆ. ನಾನು ಬಾಗಿಲಲ್ಲಿ ಕೆಮ್ಮಿದೆ. ಕೈ ಹಿಂದಕ್ಕೆ ತೆಗೆದುಕೊಂಡರು.

ಹಿಂದಿನ ಕಾಲದ ನನ್ನ ಗಂಡನಾಗಿದ್ದರೆ ನನಗೆ ನಾಲ್ಕು ಬೈದು ಬಿಚ್ಚಿಬಿಡುತ್ತಿದ್ದರು. ಕಾಯಿಲೆ ಮನುಷ್ಯನನ್ನು ಹೆಂಡತಿಯ ಮಾತು ಕೇಳುವವನನ್ನಾಗಿ ಮಾಡುತ್ತದೆ. ಅವರಿಗೆ ಅನ್ನ ತಿನ್ನಿಸಿದ್ದು ನಾನು, ಸ್ನಾನ ಮಾಡಿಸಿದ್ದು ನಾನು. ಆ ಋಣದಲ್ಲಿ ಅವರು ತೆಪ್ಪಗಿದ್ದರು, ಅದೇ ಸಲಿಗೆಯಲ್ಲಿ ನಾನು ಮೆರೆದೆ.

ಬುಧವಾರ ಬೆಳಿಗ್ಗೆ ಮಂಗಳಾರತಿ ಮಾಡಿ, ಮಣೆಯನ್ನು ಒಂದಿಷ್ಟು ಕದಲಿಸಿ, "ಊಂ, ಈಗ ತಕಳಿ" ಅಂದೆ. ಅವರು ಬಿಲ್ಲಿನ ಹೆದೆ ಜಾರಿಸಿದರು. ಪ್ರತಿ ಸಲ ಹೆದೆ ಜಾರಿಸಿದಾಗ ತೋಳುಗಳು ಛಟ್ಟನೆ ಹಿಂದಕ್ಕೆ ಹಾರುತ್ತಿದ್ದವು, ನಾವು ಮುಖ ತಪ್ಪಿಸಿಕೊಳ್ಳಬೇಕಾಗಿತ್ತು. ಅವತ್ತು ಏನೂ ಆಗಲಿಲ್ಲ. ತೋಳುಗಳು ಹೆದೆ ಇದ್ದಾಗ ಹೇಗಿದ್ದವೋ ಹೆಚ್ಚುಕಡಿಮೆ ಹಾಗೇ ಉಳಿದವು. ಹಬೆಯಲ್ಲಿ ಬೇಯಿಸಿ ಹಿಂದಕ್ಕೆ ಬಗ್ಗಿಸಿದ್ದು ಇತ್ತೋ ಇಲ್ಲವೋ ಅನ್ನುವ ಹಾಗೆ. ಅವರು ಬಿಲ್ಲನ್ನು ಮಗುಚಿ ಒಳಮೈ ಮೇಲೆ ಹೆಬ್ಬೆರಳು ಆಡಿಸಿದರು. ಕೆಳಗಿನ ತೋಳಿನಲ್ಲಿ ಒಂದು ಕಡೆ ಬೆರಳು ನಿಂತಿತು. ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಅಡ್ಡಲಾಗಿ ಒಂದು ಸುಕ್ಕಿನ ಗೆರೆ.

"ಮರ ಸೋತೋಯ್ತು" ಅಂದರು.

"ಮತ್ತೆ ಅಬೆ ಕೊಡಾನ. ಮತ್ತೆ ಟ್ಯೂಬ್ ಸುತ್ತಾನ. ಈಗ್ಲೇ ಹಂಡೆಗೆ ನೀರ್ ಉಯ್ತೀನಿ."

"ಎಳೆ ಮುರ್ದ್ ಮ್ಯಾಲೆ ಇನ್ನೇನ್ ಅಬೆ."

ಬಯ್ಯಿರಿ ಅಂದೆ. ನಿಮ್ಮ ದಮ್ಮಯ್ಯ, ಬಯ್ಯಿರಿ, ಹೊಡೆಯಿರಿ ಬೇಕಾದರೆ ಅಂದೆ. ಅವರು ಬಿಲ್ಲನ್ನು ಮೂಲೆಗೆ ಒರಗಿಸಿ, ಹೆದೆಯನ್ನು ಬೆರಳಿಗೆ ಸುತ್ತಿ ಸುತ್ತಿ ಉಂಡೆ ಮಾಡಿ ನನ್ನ ನೂಲಿನ ಡಬ್ಬದಲ್ಲಿ ಹಾಕಿದರು. "ಬಯ್ಯದೇನದೆ. ನೀನ್ ಒಳ್ಳೇದಾಗ್ಲಿ ಅಂತ ತಾನೆ ಮಾಡ್ದೆ" ಅಂದರು. ಇದಕ್ಕಿಂತ ಅವರು ನನ್ನ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು.

ದೀಪಾವಳಿ ಬಂತು, ಹೋಯಿತು. ಅಂಗಡಿಯ ಬಾಗಿಲು ತೆಗೆಯಲಿಲ್ಲ. ಮತ್ತೆ ಎಡಗೈಯಲ್ಲಿ ಚಮಚ ಹಿಡಿದು ಊಟ. ಕಾಮಗೆರೆಗೆ ಹೋಗೋಣ ಅಂದರೆ ನಾಳೆ ಅನ್ನುತ್ತಾರೆ, ಆ ನಾಳೆ ಬರುವುದಿಲ್ಲ. ಬೆರಳುಗಳು ಒಂದೊಂದಾಗಿ ಒಳಕ್ಕೆ ಹೋದವು, ಕಿರುಬೆರಳು ಮೊದಲು. ರಾತ್ರಿ ಎಣ್ಣೆ ಹಚ್ಚುವಾಗ ನಾನು ಬಿಡಿಸುತ್ತೇನೆ, ಬೆಳಿಗ್ಗೆ ನೋಡಿದರೆ ಮಡಚಿಕೊಂಡಿರುತ್ತವೆ. ಫೋನ್ ಚಾರ್ಜಿಗೆ ಹಾಕಿ ಪಕ್ಕದಲ್ಲಿಟ್ಟರೂ ಮುಟ್ಟುವುದಿಲ್ಲ. ನಾನು ದೇವರ ಮನೆಗೆ ದೀಪ ಹಚ್ಚುವುದನ್ನು ಒಂದು ವಾರ ನಿಲ್ಲಿಸಿದೆ. ಸಿಟ್ಟು ದೇವರ ಮೇಲಲ್ಲ, ನನ್ನ ಮೇಲೆ. ಅದನ್ನು ಯಾರ ಮೇಲೆ ತೀರಿಸಿಕೊಳ್ಳಲಿ? ಮತ್ತೆ ಹಚ್ಚಿದೆ.

ಹೋದ ತಿಂಗಳು ನನಗೊಂದು ಉಪಾಯ ಹೊಳೆಯಿತು. ಮೂಕಿಮರದ ಮೂರನೆಯ ಸೀಳು ಅಟ್ಟದ ಮೇಲಿತ್ತು. ಅದನ್ನು ಇಳಿಸಿ, ಹಜಾರದಲ್ಲಿ ಅವರ ಮಂಚದ ಎದುರಿಗೇ ಎರಡು ಸ್ಟೂಲಿನ ಮೇಲೆ ಇಟ್ಟೆ. ಅವರ ಕೀಸುಳಿ ತೆಗೆದುಕೊಂಡೆ. ಇಷ್ಟು ವರ್ಷ ಬಡಗಿಯ ಜೊತೆ ಬಾಳಿದವಳಿಗೆ ಮರವನ್ನು ಯಾವ ದಿಕ್ಕಿಗೆ ಕೀಸಬೇಕು ಅಂತ ಗೊತ್ತಿಲ್ಲವೇ? ಬೇಕೆಂದೇ ಎಳೆಗೆ ಎದುರಾಗಿ ಒತ್ತಿದೆ. ಕರಕರ ಅಂತ ಮರ ಕಿತ್ತುಕೊಂಡು ಬಂತು, ಸಿಬಿರು ಎದ್ದು ನಿಂತಿತು. ಮತ್ತೆ ಒತ್ತಿದೆ. ಒಳ್ಳೆಯ ಮರ, ನಮ್ಮಪ್ಪನ ಗಾಡಿಯ ಮರ, ನನ್ನ ಕೈಯಾರೆ ಹರಿಯುತ್ತಿದ್ದೆ. ಆ ಸದ್ದಿಗೆ ನನ್ನ ಹಲ್ಲೇ ಜುಮ್ಮೆನ್ನುತ್ತಿತ್ತು. ಬೀದಿಯಲ್ಲಿ ಹೋಗುವ ಯಾವ ಬಡಗಿಯಾದರೂ ಒಳಗೆ ನುಗ್ಗಿ ಬಂದು ಕೈಯಿಂದ ಕಿತ್ತುಕೊಳ್ಳಬೇಕು, ಅಂಥ ಸದ್ದು. ನನಗೆ ಬೇಕಾಗಿದ್ದೂ ಅದೇ. ಒಂದು ಸಲ "ಥೂ ನಿನ್ನ, ಬುಡು ಅತ್ಲಾಗೆ" ಅಂತ ಕೂಗಲಿ, ಎದ್ದು ಬರಲಿ. ನಾನು ಕೀಸುಳಿ ಅವರ ಕೈಗೆ ಕೊಟ್ಟು ಪಕ್ಕಕ್ಕೆ ನಿಲ್ಲುತ್ತೇನೆ.

ಮಂಚ ಕಿರುಗುಟ್ಟಿತು. ಅವರು ಈ ಕಡೆ ಹೊರಳಿದ್ದರು. ನನ್ನ ಕೈ ನೋಡಿದರು, ಕೀಸುಳಿ ನೋಡಿದರು, ಸಿಬಿರೆದ್ದ ಮರವನ್ನು ತುಂಬಾ ಹೊತ್ತು ನೋಡಿದರು. ಇನ್ನೊಂದು ಸಲ, ಜೋರಾಗಿ, ಎಳೆಗೆ ಎದುರಾಗಿಯೇ ಒತ್ತಿದೆ.

"ಚೆನ್ನಾಗ್ ಬತ್ತಾ ಅದೆ" ಅಂದರು. "ಅಂಗೇ ಮಾಡು."